ಒಂದೇ ನೀರು, ಎರಡು ಕೈ

ಬೀಟ್‌ರೂಟ್ ಹೆಚ್ಚುತ್ತಿದ್ದೆ. ಪಕ್ಕದಲ್ಲಿ ಸ್ಟೂಲಿನ ಮೇಲೆ ನಿಂತಿದ್ದ ಮೊಮ್ಮಗಳು ಒಂದು ಹೋಳನ್ನೆತ್ತಿ ಮೂಗಿಗೆ ಹಿಡಿದು, "ಅಜ್ಜೀ, ಇದು ಮಳೆ ಬಂದಾಗಿನ ವಾಸನೆ" ಅಂದಳು. ಇನ್ನೂ ಐದು ತುಂಬದ ಮಗು. ಮಣ್ಣು ಮೆತ್ತಿದ ಗಡ್ಡೆಗೆ ಮಣ್ಣಿನ ವಾಸನೆ ಇರುವುದು ಸಹಜ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಚೆನ್ನಾಗಿ ತೊಳೆದು, ಸಿಪ್ಪೆ ಹೆರೆದು ತೆಗೆದ ಮೇಲೂ ಒಳಗಿನ ತಿರುಳಿನಲ್ಲಿ ಅದೇ ವಾಸನೆ ಇರುತ್ತದೆ. "ಹೌದಾ? ಹಾಗಾದ್ರೆ ಹಿತ್ತಲಿನ ಕುಂಡಕ್ಕೆ ಸ್ವಲ್ಪ ನೀರು ಚಿಮುಕಿಸಿ ಮೂಸಿ ಬಾ ನೋಡೋಣ" ಅಂದೆ. ಒಂದು ಕೈಯಲ್ಲಿ ಬೀಟ್‌ರೂಟ್ ಹೋಳು, ಇನ್ನೊಂದರಲ್ಲಿ ಚೊಂಬು ಹಿಡಿದು ಓಡಿದಳು. ಒಣಗಿ ಬಿರುಕುಬಿಟ್ಟಿದ್ದ ಕುಂಡದ ಮಣ್ಣಿಗೆ ನೀರು ಹಾಕಿ, ಬಗ್ಗಿ, ಒಮ್ಮೆ ಅದನ್ನು ಒಮ್ಮೆ ಇದನ್ನು ಮೂಸಿದಳು. ಹುಬ್ಬು ಗಂಟಿಕ್ಕಿಕೊಂಡು ಇನ್ನೊಮ್ಮೆ ಮೂಸಿದಳು. ಮೂಗಿನ ತುದಿಗೆ ಕೆಂಪು ಮೆತ್ತಿಸಿಕೊಂಡು ಬಂದು ತೀರ್ಪು ಕೊಟ್ಟಳು: "ಎರಡೂ ಒಂದೇ. ಆದ್ರೆ ಕುಂಡದ್ದು ಜಾಸ್ತಿ."

ಅವಳು ಹೇಳಿದ್ದು ನಿಜ. ಆ ವಾಸನೆಗೆ ಕಾರಣವಾದ ವಸ್ತುವಿನ ಹೆಸರು ಜಿಯೋಸ್ಮಿನ್. ಮಣ್ಣಿನಲ್ಲಿರುವ ಸ್ಟ್ರೆಪ್ಟೊಮೈಸಿಸ್ ಎಂಬ ಬ್ಯಾಕ್ಟೀರಿಯಾಗಳು ಅದನ್ನು ತಯಾರಿಸುತ್ತವೆ. ಬೀಟ್‌ರೂಟಿನಲ್ಲಿರುವುದೂ ಅದೇ. ಲಕ್ಷ ಕೋಟಿ ಭಾಗದಲ್ಲಿ ಕೆಲವೇ ಭಾಗದಷ್ಟಿದ್ದರೂ ಸಾಕು, ಮನುಷ್ಯನ ಮೂಗು ಅದನ್ನು ಪತ್ತೆಹಚ್ಚುತ್ತದೆ. ಒಣ ನೆಲದ ಮೇಲೆ ಮಳೆ ಬಿದ್ದಾಗ ಏಳುವ ಪರಿಮಳದ ಬಗ್ಗೆ ಆಸ್ಟ್ರೇಲಿಯಾದ ಇಸಾಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದಕ್ಕೆ ಎಷ್ಟೋ ಮೊದಲೇ ಉತ್ತರ ಪ್ರದೇಶದ ಕನೌಜಿನ ಅತ್ತರಿನವರು ಮಣ್ಣಿನಿಂದ ಆ ಪರಿಮಳವನ್ನು ಬಟ್ಟಿಯಿಳಿಸಿ ಶೀಶೆಗೆ ತುಂಬುತ್ತಿದ್ದರು. ಆ ಪರಿಮಳ ಗಾಳಿಗೇರುವ ಬಗೆಗೂ ಒಂದು ಸುಳಿವು ಸಿಕ್ಕಿದೆ: ಹನಿ ನೆಲಕ್ಕೆ ಬಿದ್ದಾಗ ಅದರಡಿ ಸಿಕ್ಕಿಕೊಂಡ ಗಾಳಿ ಗುಳ್ಳೆಯಾಗಿ ಮೇಲೆದ್ದು ಒಡೆಯುತ್ತದೆ, ಒಡೆದಾಗ ಕಣ್ಣಿಗೆ ಕಾಣದಷ್ಟು ಸಣ್ಣ ತುಂತುರು ಸಿಡಿಯುತ್ತದೆ ಎಂಬುದನ್ನು 2015ರಲ್ಲಿ ಅಮೆರಿಕದ ಎಂಐಟಿಯವರು ಅತಿವೇಗದ ಕ್ಯಾಮೆರಾದಲ್ಲಿ ಹಿಡಿದು ತೋರಿಸಿದರು.

ಇದರಲ್ಲಿ ಒಂದನ್ನೂ ನಾನು ಮಗುವಿಗೆ ಹೇಳಲಿಲ್ಲ. ಜಿಯೋಸ್ಮಿನ್ ಎಂಬ ಹೆಸರು ಹತ್ತು ವರ್ಷ ಕಾದರೂ ಕೆಡುವುದಿಲ್ಲ. ಅಡುಗೆಮನೆಯ ಗಡ್ಡೆಯನ್ನೂ ಹಿತ್ತಲಿನ ಮಣ್ಣನ್ನೂ ಒಂದು ಮೂಗು ತಾನಾಗಿ ಜೋಡಿಸಿತಲ್ಲ, ಜೋಡಿಸಿದ್ದು ಸರಿಯೇ ಎಂದು ಹೋಗಿ ನೋಡಿ ಬಂತಲ್ಲ, ಆ ವಯಸ್ಸಿಗೆ ವಿಜ್ಞಾನವೆಂದರೆ ಅಷ್ಟೇ, ಮತ್ತು ಅಷ್ಟೂ.

ರಜೆ ಬಂತೆಂದರೆ ಅಕ್ಕಪಕ್ಕದ ಮನೆಗಳ ಮಕ್ಕಳು ನಮ್ಮ ಜಗಲಿಯಲ್ಲಿ ಸೇರುತ್ತಾರೆ. ಮೊದಲ ಆಟ ಒಗ್ಗರಣೆ ಡಬ್ಬಿಯದು. ಕಣ್ಣಿಗೆ ಟವೆಲ್ ಕಟ್ಟಿ, ಬಟ್ಟಲುಗಳನ್ನು ಒಂದೊಂದಾಗಿ ಮೂಗಿನ ಹತ್ತಿರ ಹಿಡಿಯುವುದು. ಇಂಗು ಎಲ್ಲರಿಗೂ ಸುಲಭ. ಸಾಸಿವೆಗೆ ವಾಸನೆಯೇ ಇಲ್ಲ ಅನ್ನುತ್ತಾರೆ. ಅರೆದು ಒಂದು ತೊಟ್ಟು ನೀರು ಹಾಕಿ ಮತ್ತೆ ಹಿಡಿದರೆ ತಲೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಜೀರಿಗೆ, ಓಮ, ಸೋಂಪು, ಕೊತ್ತಂಬರಿ ಬೀಜ ಬಂದಾಗ ಗೊಂದಲ ಶುರು. ಆಗ ಕಣ್ಣು ಬಿಚ್ಚಿ, ನಾಲ್ಕನ್ನೂ ಅಂಗೈಗೆ ಹಾಕಿ ನೋಡಲು ಹೇಳುತ್ತೇನೆ. ನಾಲ್ಕರ ಮೈಮೇಲೂ ಉದ್ದುದ್ದ ಗೆರೆಗಳು. "ಇವೆಲ್ಲ ಅಣ್ಣತಮ್ಮಂದಿರು" ಎಂದು ಒಬ್ಬ ಹುಡುಗ ಹೇಳಿದ. ಸಸ್ಯಶಾಸ್ತ್ರದವರೂ ಅವನ್ನು ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ, ಇಂಗಿನ ಗಿಡವನ್ನೂ ಅಲ್ಲಿಗೇ ಸೇರಿಸಿದ್ದಾರೆ. ಮರುದಿನ ಅದೇ ಹುಡುಗ ದೊಡ್ಡಪತ್ರೆಯ ಎಲೆ ಕಿವುಚಿ ಮೂಸಿ, "ಓಮದ ತಮ್ಮ ಇಲ್ಲೊಬ್ಬ ಇದಾನೆ" ಎಂದು ಕೂಗಿಕೊಂಡು ಬಂದ. ವಾಸನೆಯೇನೋ ಓಮದ ಹತ್ತಿರದ್ದೇ, ಆದರೆ ದೊಡ್ಡಪತ್ರೆ ತುಳಸಿಯ ಮನೆತನದ್ದು. ದಂಟು ಮುಟ್ಟಿ ನೋಡು, ಎಲೆ ಎದುರುಬದುರು ಹೇಗೆ ಕೂತಿದೆ ನೋಡು, ತುಳಸಿಯ ಪಕ್ಕಕ್ಕಿಟ್ಟು ನೋಡು ಎಂದೆ. ಮೂಗು ಒಂದು ಹೇಳಿತು, ಕಣ್ಣು ಕೈ ಇನ್ನೊಂದು ಹೇಳಿದವು. ಅವನು ಬಹಳ ಹೊತ್ತು ಆ ಎರಡು ಎಲೆಗಳ ಮುಂದೆ ಕೂತಿದ್ದ.

ಒಂದು ಇಂದ್ರಿಯವನ್ನು ಬೇರೆಯವುಗಳಿಂದ ಬಿಡಿಸಿ, ಅದೊಂದನ್ನೇ ಕೆಲಸಕ್ಕೆ ಹಚ್ಚುವ ಈ ಕ್ರಮವನ್ನು ಶಾಲೆಯೊಳಕ್ಕೆ ತಂದವರಲ್ಲಿ ಮರಿಯಾ ಮಾಂಟೆಸ್ಸೊರಿ ಮುಖ್ಯರು. 1907ರಲ್ಲಿ ರೋಮ್ ನಗರದ ಬಡ ಮಕ್ಕಳಿಗಾಗಿ ಶಾಲೆ ತೆರೆದ ವೈದ್ಯೆ. ವಾಸನೆಯ ಶೀಶೆಗಳು, ಅಲ್ಲಾಡಿಸಿ ಕೇಳುವ ಡಬ್ಬಿಗಳು, ಒರಟು-ನುಣುಪಿನ ಹಲಗೆಗಳು, ಬಣ್ಣದ ಬಿಲ್ಲೆಗಳು ಅವರ ಪಾಠದ ಸಾಮಾನು. 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದವರು ಎರಡನೇ ಮಹಾಯುದ್ಧ ಮುಗಿಯುವ ತನಕ ಇಲ್ಲಿಯೇ ಉಳಿದು, ಕೊಡೈಕನಾಲಿನ ಗುಡ್ಡಗಳಲ್ಲಿ ಮಕ್ಕಳೊಂದಿಗೆ ಗಿಡ, ಹುಳು, ಎಲೆಗಳ ನಡುವೆ ಕೆಲಸ ಮಾಡಿದರು. ಅವರ ಸಾಮಾನು ಈಗ ದುಬಾರಿ, ಎಲ್ಲರ ಕೈಗೆಟುಕುವುದಿಲ್ಲ. ಆದರೆ ಯಾವ ಅಡುಗೆಮನೆಯಲ್ಲಿ ಒಗ್ಗರಣೆ ಡಬ್ಬಿ ಇಲ್ಲ? ರಾಗಿ, ಕಡಲೆ, ಅವಲಕ್ಕಿಗಳನ್ನು ಬೇರೆ ಬೇರೆ ಡಬ್ಬಿಗೆ ಹಾಕಿ ಕಿವಿಯ ಹತ್ತಿರ ಅಲ್ಲಾಡಿಸಿದರೆ ಯಾವುದು ಯಾವುದೆಂದು ಮೂರು ವರ್ಷದ ಮಗುವೂ ಹೇಳುತ್ತದೆ.

ನಾಲಿಗೆಯ ವಿಷಯದಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ಗೊತ್ತಿಲ್ಲದ್ದನ್ನು ಬಾಯಿಗೆ ಹಾಕಬಾರದು, ದೊಡ್ಡವರು ಕೊಟ್ಟದ್ದನ್ನು ಮಾತ್ರ ರುಚಿ ನೋಡಬೇಕು. ಅಂದವಾಗಿ ಅರಳಿ ನಿಂತ ಕಣಗಿಲೆ ವಿಷ, ಉಮ್ಮತ್ತಿ ವಿಷ. ಈ ಕಟ್ಟುಪಾಡು ಹಾಕಿದ ಮೇಲೆ ಏಲಕ್ಕಿ ಹಾಕಿದ ಪಾಯಸ ಕೊಟ್ಟು, ಮೂಗು ಮುಚ್ಚಿಕೊಂಡು ಒಂದು ಚಮಚ ತಿನ್ನಲು ಹೇಳುತ್ತೇನೆ. ಬರೀ ಸಿಹಿ. ಬಾಯಲ್ಲಿರುವಾಗಲೇ ಮೂಗು ಬಿಟ್ಟರೆ ಏಲಕ್ಕಿ ಒಮ್ಮೆಲೇ ಬಂದುಬಿಡುತ್ತದೆ. ಮಕ್ಕಳ ಕಣ್ಣು ಅಗಲವಾಗುವುದು ಆಗ ನೋಡಬೇಕು. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಗಂಟಲ ಹಿಂಬದಿಯಿಂದ ಮೂಗಿಗೇರುವ ವಾಸನೆ. ನೆಗಡಿಯಾದಾಗ ಸಾರು ಸಪ್ಪೆಯೆನಿಸುವುದೇಕೆ ಎಂದು ಅವರೇ ಹೇಳುತ್ತಾರೆ.

ಶಾಲೆಯ ಪುಸ್ತಕಗಳಲ್ಲಿ ನಾಲಿಗೆಯ ಒಂದು ನಕ್ಷೆ ಬಹುಕಾಲ ಅಚ್ಚಾಗುತ್ತಿತ್ತು. ತುದಿಯಲ್ಲಿ ಸಿಹಿ, ಅಂಚಿನಲ್ಲಿ ಹುಳಿ ಉಪ್ಪು, ಹಿಂದೆ ಕಹಿ. 1901ರಲ್ಲಿ ಜರ್ಮನಿಯ ಹ್ಯಾನಿಗ್ ಎಂಬವರು ನಾಲಿಗೆಯ ಬೇರೆ ಬೇರೆ ಕಡೆ ಸೂಕ್ಷ್ಮತೆಯಲ್ಲಿ ತುಸು ವ್ಯತ್ಯಾಸ ಇದೆ ಎಂದು ಬರೆದಿದ್ದರು. 1942ರಲ್ಲಿ ಅಮೆರಿಕದ ಎಡ್ವಿನ್ ಬೋರಿಂಗ್ ಅವರ ಪುಸ್ತಕದಲ್ಲಿ ಆ ಅಂಕಿಗಳು ಬೇರೊಂದು ರೂಪ ತಾಳಿದವು. ತುಸು ವ್ಯತ್ಯಾಸ ಇದ್ದದ್ದು ಓದುವವರ ಕಣ್ಣಿಗೆ ಗಡಿರೇಖೆಯಾಗಿ ಕಂಡಿತು. ಅಲ್ಲಿಂದ ಮುಂದೆ ತಲೆಮಾರುಗಟ್ಟಲೆ ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಪ್ರತಿಯೊಬ್ಬರ ಬಾಯಲ್ಲೂ ನಾಲಿಗೆ ಇತ್ತು, ಪ್ರತಿ ಮನೆಯಲ್ಲೂ ಉಪ್ಪಿತ್ತು. ಹತ್ತಿ ಸುತ್ತಿದ ಕಡ್ಡಿಯನ್ನು ಉಪ್ಪುನೀರಿಗೆ ಅದ್ದಿ ನಾಲಿಗೆಯ ತುದಿಗೆ ಮುಟ್ಟಿಸಿದರೆ ತುದಿಗೂ ಉಪ್ಪು ತಿಳಿಯುತ್ತದೆ ಎಂದು ಆರು ವರ್ಷದವರೂ ಕಂಡುಕೊಳ್ಳುತ್ತಾರೆ. ಪುಸ್ತಕ ಹೇಳಿದ್ದನ್ನು ನನ್ನ ನಾಲಿಗೆಯನ್ನು ಕೇಳಿ ನೋಡುತ್ತೇನೆ ಎನ್ನುವ ಧೈರ್ಯ ಮಕ್ಕಳಿಗೆ ಎಳೆಯ ವಯಸ್ಸಿನಲ್ಲೇ ಬರಬೇಕು ಎಂಬುದು ನನ್ನ ಮನದಾಳದ ಆಸೆ.

ಕಿವಿಗೆ ಒಂದು ಸೌಟು, ಒಂದು ದಾರ ಸಾಕು. ಒಂದು ಮಾರುದ್ದದ ದಾರದ ನಡುವಿಗೆ ಸ್ಟೀಲ್ ಸೌಟು ಕಟ್ಟಿ, ಎರಡು ತುದಿಗಳನ್ನು ಎರಡು ತೋರುಬೆರಳಿಗೆ ಸುತ್ತಿಕೊಂಡು, ಆ ಬೆರಳುಗಳಿಂದ ಮೆಲ್ಲಗೆ ಕಿವಿ ಮುಚ್ಚಿಕೊಳ್ಳಬೇಕು. ಬಗ್ಗಿ, ತೂಗಾಡುವ ಸೌಟನ್ನು ಮೇಜಿನ ಅಂಚಿಗೆ ತಾಗಿಸಬೇಕು. ಹೊರಗೆ ನಿಂತವರಿಗೆ ಟಣ್ ಅಂದಷ್ಟೇ ಕೇಳುತ್ತದೆ. ಕಿವಿ ಮುಚ್ಚಿಕೊಂಡ ಮಗುವಿಗೆ ದೇವಸ್ಥಾನದ ದೊಡ್ಡ ಗಂಟೆ. ಗಾಳಿಗಿಂತ ಬಿಗಿದ ದಾರ ಆ ಕಂಪನವನ್ನು ಚೆನ್ನಾಗಿ ಹೊತ್ತು ತರುತ್ತದೆ ಎಂದು ಹೇಳಬೇಕಾದ ಕಾಲ ಆಮೇಲೆ ಬರುತ್ತದೆ. ಮೊದಲ ಸಲ ಕೇಳಿದಾಗ ಮಗು ಸುಮ್ಮನೆ ನಿಂತುಬಿಡುತ್ತದೆ, ಆಮೇಲೆ "ಇನ್ನೊಂದ್ಸಲ" ಅನ್ನುತ್ತದೆ. ಒಂದು ಕಾಗದ ಸುರುಳಿ ಸುತ್ತಿ ಗೆಳೆಯನ ಎದೆಗೆ ಇಟ್ಟು ಕಿವಿ ಹಚ್ಚಿದರೆ ಗುಂಡಿಗೆ ಬಡಿಯುವುದು ಕೇಳುತ್ತದೆ. ಪ್ಯಾರಿಸ್ಸಿನ ವೈದ್ಯ ಲೆನೆಕ್ 1816ರಲ್ಲಿ ಸುರುಳಿ ಸುತ್ತಿದ ಕಾಗದದಿಂದಲೇ ಸ್ಟೆತೊಸ್ಕೋಪಿಗೆ ನಾಂದಿ ಹಾಡಿದ್ದು.

ಕೊಳಾಯಿಯ ಕೆಳಗೆ ಬಿಂದಿಗೆ ಇಟ್ಟು, ಬೆನ್ನು ತಿರುಗಿಸಿ ನಿಂತು, ಯಾವಾಗ ತುಂಬಿತೆಂದು ಹೇಳುವ ಆಟವೂ ಇದೆ. ನಮ್ಮ ಹೆಣ್ಣುಮಕ್ಕಳು ತಲೆಮಾರುಗಳಿಂದ ಒಳಗೆ ಕೆಲಸ ಮಾಡುತ್ತಲೇ ಹೊರಗಿನ ಕೊಳಾಯಿಯನ್ನು ಕಾದದ್ದು ಹೀಗೆಯೇ. ನೀರೇರಿದಂತೆ ಸದ್ದು ಸಣ್ಣಗಾಗುತ್ತ ಮೇಲೇರುತ್ತದೆ. ಆದರೆ ಗಾಜಿನ ಲೋಟಗಳಿಗೆ ಹೆಚ್ಚುಕಡಿಮೆ ನೀರು ಹಾಕಿ ಚಮಚದಿಂದ ತಟ್ಟಿದರೆ ಹೆಚ್ಚು ನೀರಿರುವ ಲೋಟದ ನಾದ ತಗ್ಗು. ಒಂದೆಡೆ ನೀರು ಹೆಚ್ಚಿದಂತೆ ದನಿ ಏರಿತು, ಇನ್ನೊಂದೆಡೆ ಇಳಿಯಿತು. ಮಕ್ಕಳು ಇದನ್ನು ಸುಲಭಕ್ಕೆ ಒಪ್ಪುವುದಿಲ್ಲ, ಪದೇ ಪದೇ ಮಾಡುತ್ತಾರೆ. ಬಿಂದಿಗೆಯಲ್ಲಿ ಹಾಡುವುದು ಮೇಲೆ ಉಳಿದ ಗಾಳಿ, ಅದು ಗಿಡ್ಡವಾದಷ್ಟೂ ದನಿ ಎತ್ತರ. ಲೋಟದಲ್ಲಿ ಅದುರುವುದು ಗಾಜು, ನೀರಿನ ಭಾರ ಹೆಚ್ಚಿದಷ್ಟೂ ಅದು ನಿಧಾನ. ಇಂಥದೇ ಭಾರವನ್ನು ನಮ್ಮ ಹಿರಿಯರು ಮೃದಂಗದ ಬಲಬದಿಗೆ ಕಪ್ಪು ಕರಣೆಯಾಗಿ ಹಚ್ಚಿದ್ದರು. ಅದರಿಂದ ಚರ್ಮದ ನಾದ ಹೇಗೆ ಶ್ರುತಿಗೆ ಒಲಿಯುತ್ತದೆ ಎಂದು ಸಿ.ವಿ. ರಾಮನ್ 1920ರಲ್ಲಿ ಶಿವಕಾಳಿ ಕುಮಾರ್ ಜೊತೆ ಬರೆದರು. ಬೆಂಗಳೂರಿನಲ್ಲಿ ನೆಲೆಸಿದ ಮೇಲೆ, ತಮ್ಮ ಇಳಿವಯಸ್ಸಿನಲ್ಲಿ ಅವರು ಹೂವಿನ ಬಣ್ಣಗಳ ಮುಂದೆ, ಕಣ್ಣು ಹೇಗೆ ನೋಡುತ್ತದೆ ಎಂಬ ಪ್ರಶ್ನೆಯ ಮುಂದೆ ಕೂತರು. ನೊಬೆಲ್ ಬಂದ ಮೇಲೂ ಕಿವಿ, ಕಣ್ಣುಗಳನ್ನು ಬಿಟ್ಟುಕೊಡದ ವಿಜ್ಞಾನಿ ಎಂದು ನನಗೆ ಅವರಲ್ಲಿ ವಿಶೇಷ ಗೌರವ.

ಕಣ್ಣಿಗೆ ಬೇಕಾದದ್ದು ಎಲ್ಲೆಲ್ಲೂ ಇದೆ. ಆರತಿಗೆಂದು ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುವಾಗ ಮಕ್ಕಳನ್ನು ಹತ್ತಿರ ಕರೆಯಿರಿ. ಕೆಂಪಾದ ನೀರಿಗೆ ನಿಂಬೆರಸ ಹಿಂಡಿದರೆ ಮತ್ತೆ ಹಳದಿ. ದಾಸವಾಳದ ದಳವನ್ನು ಬಿಳಿ ಕಾಗದಕ್ಕೆ ಉಜ್ಜಿ, ಒಂದು ಕಡೆ ನಿಂಬೆರಸ ಇನ್ನೊಂದು ಕಡೆ ಸೋಪಿನ ನೀರು ಮುಟ್ಟಿಸಿದರೆ ಅತ್ತ ಗುಲಾಬಿ, ಇತ್ತ ಹಸಿರು. ಹೊಂಗೆ ಮರದ ನೆರಳಲ್ಲಿ ಬೀಳುವ ಬಿಸಿಲಿನ ಚುಕ್ಕೆಗಳನ್ನು ತೋರಿಸಿ. ಎಲೆಗಳ ನಡುವಿನ ಸಂದಿಗಳು ಅಂಕುಡೊಂಕು, ಚುಕ್ಕೆಗಳು ಮಾತ್ರ ಗುಂಡಗೆ, ಯಾಕೆ? ಅವು ಒಂದೊಂದೂ ಸೂರ್ಯನ ಚಿತ್ರ. 2019ರ ಡಿಸೆಂಬರ್ 26ರಂದು ಕೊಡಗು, ಮಂಗಳೂರಿನ ಕಡೆ ಉಂಗುರದ ಗ್ರಹಣವಾದ ಬೆಳಿಗ್ಗೆ ಕರ್ನಾಟಕದ ಉಳಿದೆಡೆ ಮರದಡಿಯ ಚುಕ್ಕೆಗಳೆಲ್ಲ ಕುಡುಗೋಲಿನ ಆಕಾರ ತಾಳಿದ್ದವು. ಸೂರ್ಯನನ್ನು ನೇರವಾಗಿ ಎಂದೂ ನೋಡಬಾರದು, ನೆಲವನ್ನು ನೋಡಿದರೆ ಸಾಕು. ಹಂಪಿಗೆ ಹೋದವರು ವಿರೂಪಾಕ್ಷನ ಗುಡಿಯ ಹಿಂಭಾಗದ ಕತ್ತಲ ಕೋಣೆಯಲ್ಲಿ, ಸಣ್ಣ ಕಿಂಡಿಯ ಮೂಲಕ ಗೋಡೆಯ ಮೇಲೆ ಬೀಳುವ ರಾಜಗೋಪುರದ ತಲೆಕೆಳಗಾದ ನೆರಳನ್ನು ಮಕ್ಕಳಿಗೆ ತೋರಿಸದೆ ಬರಬಾರದು. ಮಾರ್ಗದರ್ಶಿ ಅವಸರ ಮಾಡಿದರೂ ಮಗುವನ್ನು ಅಲ್ಲಿ ನಿಲ್ಲಲು ಬಿಡಿ. ಕಿಂಡಿಗೆ ಕೈ ಅಡ್ಡ ಹಿಡಿದರೆ ಏನಾಗುತ್ತದೆ ಎಂದು ಅದಕ್ಕೇ ತೋಚುತ್ತದೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ಮಿಗಿಲಾದ ಪಾಠ ಚರ್ಮದ್ದು. ಮೂರು ಪಾತ್ರೆ ನೀರು ಇಡುತ್ತೇನೆ. ಎಡಗಡೆಯದರಲ್ಲಿ ಮಂಜುಗಡ್ಡೆ ಹಾಕಿದ ನೀರು, ಬಲಗಡೆಯದರಲ್ಲಿ ಕೈ ತಾಳುವಷ್ಟು ಬಿಸಿನೀರು, ನಡುವೆ ಕೊಳಾಯಿಯ ನೀರು. ಎಡಗೈ ತಣ್ಣೀರಿನಲ್ಲಿ, ಬಲಗೈ ಬಿಸಿಯಲ್ಲಿ ಒಂದು ನಿಮಿಷ. ಆಮೇಲೆ ಎರಡೂ ಕೈ ಒಟ್ಟಿಗೆ ನಡುವಿನ ಪಾತ್ರೆಗೆ. ಎಡಗೈಗೆ ಅದು ಬಿಸಿ, ಬಲಗೈಗೆ ತಣ್ಣಗೆ. ಒಂದೇ ನೀರು. ಮಕ್ಕಳು ಕೈ ಹೊರಗೆ ತೆಗೆದು ನೋಡುತ್ತಾರೆ, ಮತ್ತೆ ಅದ್ದುತ್ತಾರೆ, ಪಾತ್ರೆಯ ಅಡಿಯಲ್ಲಿ ಏನಾದರೂ ಇದೆಯೇ ಎಂದು ಇಣುಕುತ್ತಾರೆ. "ಅಜ್ಜೀ, ನನ್ನ ಕೈಗಳು ಜಗಳ ಆಡ್ತಿವೆ" ಎಂದಳು ಒಬ್ಬಳು. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ 17ನೇ ಶತಮಾನದ ಕೊನೆಯಲ್ಲಿ ಈ ಜಗಳವನ್ನು ತಮ್ಮ ದೊಡ್ಡ ಗ್ರಂಥದಲ್ಲಿ ದಾಖಲಿಸಿ, ಬಿಸಿ-ತಂಪು ಎಂಬುದು ನೀರಿನಲ್ಲಿ ಎಷ್ಟು, ನಮ್ಮಲ್ಲಿ ಎಷ್ಟು ಎಂದು ಕೇಳಿದ್ದರು.

ಇನ್ನೊಂದು, ಸ್ಟೀಲ್ ತಟ್ಟೆ ಮತ್ತು ಮರದ ಮಣೆ. ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದವು. ಬೆಳಿಗ್ಗೆ ಮುಟ್ಟಿದರೆ ತಟ್ಟೆ ತಣ್ಣಗೆ, ಮಣೆ ಬೆಚ್ಚಗೆ. ಎರಡರ ಮೇಲೂ ಒಂದೊಂದು ಮಂಜುಗಡ್ಡೆ ಇಡುತ್ತೇನೆ, ಯಾವುದು ಮೊದಲು ಕರಗೀತು ಹೇಳಿ ಅನ್ನುತ್ತೇನೆ. ಮಣೆಯದ್ದು, ಮಣೆ ಬೆಚ್ಚಗಿದೆಯಲ್ಲ ಎಂದು ಎಲ್ಲರೂ ಒಂದೇ ದನಿಯಲ್ಲಿ. ಕೂತು ನೋಡುತ್ತಾರೆ. ತಟ್ಟೆಯ ಮೇಲಿನದು ಇಟ್ಟ ತಕ್ಷಣ ಜಾರತೊಡಗುತ್ತದೆ, ಅಡಿಯಲ್ಲಿ ನೀರು ಹರಡುತ್ತದೆ, ಅಂಚುಗಳು ಸವೆದು ಗುಂಡಗಾಗುತ್ತವೆ. ಮಣೆಯ ಮೇಲಿನದು ಮೂಲೆಗಳನ್ನು ಬಿಟ್ಟುಕೊಡದೆ ಚೌಕವಾಗಿಯೇ ಕೂತಿರುತ್ತದೆ. ಗುಂಪಿನಲ್ಲಿ ಮಾತು ನಿಲ್ಲುತ್ತದೆ. ಒಬ್ಬ ತಟ್ಟೆಯ ಕೆಳಗೆ ಕೈ ಹಾಕುತ್ತಾನೆ, ಯಾರೋ ಬಿಸಿ ಮಾಡಿದ್ದಾರೆಂಬ ಗುಮಾನಿ. ಅಂಗೈಗೆ ಇನ್ನೂ ತಣ್ಣಗೇ ತಾಗುತ್ತದೆ. ಆಗ ಥರ್ಮಾಮೀಟರ್ ಕೇಳುವವರು ಅವರೇ. ಮಂಜುಗಡ್ಡೆ ತಾಗದ ಇನ್ನೊಂದು ತಟ್ಟೆಗೂ ಇನ್ನೊಂದು ಮಣೆಗೂ ಒತ್ತಿ ಹಿಡಿದರೆ ಎರಡೂ ಒಂದೇ ತೋರಿಸುತ್ತವೆ. ನಮ್ಮ ಚರ್ಮ ವಸ್ತುವಿನ ಬಿಸಿಯನ್ನು ಅಳೆಯುತ್ತಿಲ್ಲ, ತನ್ನಿಂದ ಬಿಸಿ ಎಷ್ಟು ಬೇಗ ಹೋಗುತ್ತಿದೆ ಎಂಬುದನ್ನು ಹೇಳುತ್ತಿದೆ. ಸ್ಟೀಲು ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ತನ್ನ ಬಿಸಿಯನ್ನು ಮಂಜುಗಡ್ಡೆಗೆ ಬೇಗ ಕೊಡುತ್ತದೆ.

ಇಂದ್ರಿಯಗಳ ಮೂಲಕ ವಿಜ್ಞಾನ ಎಂದರೆ ಮುಟ್ಟಿಸಿ ಮೂಸಿಸಿ ಖುಷಿಪಡಿಸುವುದು ಎಂದು ಅನೇಕರು ತಿಳಿದಿದ್ದಾರೆ. ಖುಷಿ ಬೇಕು, ಅದಿಲ್ಲದೆ ಯಾವ ಮಗುವೂ ಕೂರುವುದಿಲ್ಲ. ಆದರೆ ಇಂದ್ರಿಯಗಳು ಸಾಕ್ಷಿಗಳು. ಸಾಕ್ಷಿಗಳು ಒಂದೊಂದು ಸಲ ಬೇರೆ ಬೇರೆ ಹೇಳುತ್ತವೆ. ಹಾಗೆ ಹೇಳಿದಾಗ ಇನ್ನೊಂದು ಸಾಕ್ಷಿಯನ್ನು ಕರೆಯಬೇಕು, ಅಳತೆಗೋಲು ತರಬೇಕು, ಮತ್ತೊಮ್ಮೆ ಮಾಡಿ ನೋಡಬೇಕು. ಈ ಜಾಗಕ್ಕೆ ಮಗುವನ್ನು ಕರೆತಂದು ನಿಲ್ಲಿಸುವವರೆಗೆ ದೊಡ್ಡವರು ಬಾಯಿ ಬಿಗಿಹಿಡಿದು ಕಾಯಬೇಕು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದಿನ 16 ಹಳ್ಳಿ ಶಾಲೆಗಳಲ್ಲಿ ಹೀಗೆ ಮಕ್ಕಳು ತಾವೇ ಮಾಡಿ, ತಾವೇ ಬರೆದುಕೊಂಡು, ತಾವೇ ವಾದಿಸುವ ವಿಜ್ಞಾನದ ತರಗತಿ ಶುರುವಾಯಿತು. ಬೆಂಕಿಕಡ್ಡಿ, ಸೈಕಲ್ ವಾಲ್ವ್‌ಟ್ಯೂಬುಗಳಿಂದ ಆಕೃತಿಗಳನ್ನು ಕಟ್ಟುವ ಅರವಿಂದ ಗುಪ್ತರ ಕೈಚಳಕ ಅರಳಿದ್ದು ಅಲ್ಲಿಯೇ. 2002ರಲ್ಲಿ ಆ ತರಗತಿ ನಿಂತುಹೋದದ್ದು ಈ ದೇಶದ ಮಕ್ಕಳಿಗಾದ ನಷ್ಟ.

ಒಂದು ಇಂದ್ರಿಯ ಇಲ್ಲದ ಮಗುವಿಗೆ ಏನು ಮಾಡಬೇಕು ಎಂದು ತಾಯಿಯೊಬ್ಬರು ಕೇಳಿದಾಗ ನಾನು ಗೀರಟ್ ವರ್ಮೇಯ್ ಅವರ ಕತೆ ಹೇಳಿದೆ. 1946ರಲ್ಲಿ ನೆದರ್ಲೆಂಡ್ಸಿನಲ್ಲಿ ಹುಟ್ಟಿ, ಮೂರನೇ ವಯಸ್ಸಿಗೆ ಪೂರ್ತಿ ದೃಷ್ಟಿ ಕಳೆದುಕೊಂಡವರು. ಕುಟುಂಬ ಅಮೆರಿಕದ ನ್ಯೂಜೆರ್ಸಿಗೆ ಹೋದ ಮೇಲೆ, ಶಾಲೆಯ ಶಿಕ್ಷಕಿ ಫ್ಲೋರಿಡಾದ ಕಡಲಿನಿಂದ ತಂದ ಕಪ್ಪೆಚಿಪ್ಪು, ಶಂಖಗಳನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಿದ್ದರು. ಹುಡುಗ ಮುಟ್ಟಿದ. ಅವನು ಬಲ್ಲ ಡಚ್ ಕಡಲತೀರದ ಚಿಪ್ಪುಗಳು ಸುಣ್ಣದಂತೆ ಒರಟು. ಇವು ನುಣುಪು, ಮುಳ್ಳು, ಏಣು, ಸುರುಳಿ. ಬೆಚ್ಚಗಿನ ಕಡಲಿನ ಚಿಪ್ಪುಗಳೇ ಯಾಕೆ ಇಷ್ಟು ಚೆಲುವು ಎಂಬ ಪ್ರಶ್ನೆ ಬೆರಳಲ್ಲಿ ಹುಟ್ಟಿತು. ಮುಂದೆ ಅವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವಿಕಾಸವಾದದ ದೊಡ್ಡ ವಿದ್ವಾಂಸರಾದರು. ಏಡಿಯ ಕೊಂಡಿಗೆ ಸಿಕ್ಕಿ ಒಡೆದು, ಮತ್ತೆ ಕೂಡಿಕೊಂಡ ಚಿಪ್ಪಿನ ಗಾಯದ ಗುರುತುಗಳನ್ನು ಬೆರಳಿಂದ ಓದಿ, ಬೇಟೆಗಾರ ಪ್ರಾಣಿಗಳಿಗೂ ಚಿಪ್ಪಿನ ಜೀವಿಗಳಿಗೂ ಕೋಟ್ಯಂತರ ವರ್ಷಗಳಿಂದ ನಡೆದ ಪೈಪೋಟಿಯನ್ನು ಬಿಡಿಸಿ ಹೇಳಿದರು. ಆ ಶಿಕ್ಷಕಿ ಮಾಡಿದ್ದು ಚಿಪ್ಪುಗಳನ್ನು ಮಕ್ಕಳ ಕೈಗೆಟುಕುವಲ್ಲಿ ಇಟ್ಟದ್ದು. ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರೆ?

ಈಗ ನಮ್ಮ ಜಗಲಿಯಲ್ಲಿ ಬೆಟ್ಟದ ನೆಲ್ಲಿಕಾಯಿಯ ಕಾಲ. ನೆಲ್ಲಿಕಾಯಿ ತಿಂದು ನೀರು ಕುಡಿದರೆ ನೀರು ಸಿಹಿ, ಇದು ಎಲ್ಲರಿಗೂ ಗೊತ್ತು. ನೀರು ಬದಲಾಯಿತೋ ನಾಲಿಗೆ ಬದಲಾಯಿತೋ ಎಂದು ಕೇಳಿದೆ. ನೀರೇ ಎಂದ ಒಬ್ಬ. ಇನ್ನೊಬ್ಬಳು ನೆಲ್ಲಿಕಾಯಿ ತಿನ್ನದವನಿಗೆ ಅದೇ ಲೋಟದಿಂದ ಕುಡಿಸಿ, "ಇವನಿಗೆ ಸಪ್ಪೆ, ನೀರಲ್ಲ" ಎಂದು ಖಚಿತಪಡಿಸಿದಳು. ಹಾಗಾದರೆ ಹುಣಿಸೆಹಣ್ಣು ತಿಂದರೆ? ನಿಂಬೆ? ದೊಡ್ಡ ನೆಲ್ಲಿಕಾಯಿಗೂ ಕಿರುನೆಲ್ಲಿಗೂ ವ್ಯತ್ಯಾಸ ಇದೆಯೇ? ಬಿಸಿನೀರೂ ಸಿಹಿಯೇ? ನಿನ್ನೆ ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ತಿಂದದ್ದು ಒಂದು ಕಡೆ, ನೀರಿನ ರುಚಿ ಇನ್ನೊಂದು ಕಡೆ ಬರೆಯಲು ಶುರು ಮಾಡಿದ್ದಾರೆ. ಬರೆಯಲು ಬಾರದ ಚಿಕ್ಕವರು ನಗುವ ಮುಖ, ಅಳುವ ಮುಖ ಬರೆಯುತ್ತಾರೆ. ಮಾವಿನಕಾಯಿಯ ಸಾಲನ್ನು ಖಾಲಿ ಬಿಟ್ಟಿದ್ದಾರೆ, ಯುಗಾದಿಯ ಹೊತ್ತಿಗೆ ತುಂಬುತ್ತಾರಂತೆ. ನನ್ನ ಪಾಲಿನ ಕೆಲಸ ಲೋಟಗಳನ್ನು ತೊಳೆದು ನೀರು ತುಂಬಿಸಿ ಇಡುವುದು.